ನಾಲ್ಕು ಊರು, ಒಂದೇ ಮನೆ

"ಗಾಲಿ ಎಲ್ಲಿ?" ಕರ್ನಲ್ ಲೈಸಾಂಡರ್ ಪ್ರೂಯಿಟ್ ಮನೆಯ ಕೆಳಗೆ ಬಗ್ಗಿ ನೋಡುತ್ತ ಕೂಗಿದ. "ಕೆಜಾಯಾ, ಮನೆಯ ನಾಲ್ಕು ಗಾಲಿ ಎಲ್ಲಿ ಹೋದ್ವೇ?"

ಅವನ ಹೆಂಡತಿ ಒಳಗೆ ಒಲೆಯ ಮುಂದೆ ಕೂತು ಮೆಕ್ಕೆಜೋಳದ ರೊಟ್ಟಿ ಬೇಯಿಸುತ್ತಿದ್ದಳು. "ಎರಡು ನಿನ್ನೆ ಉರಿದ್ವು. ಮೂರನೇದು ಈಗ ಉರೀತಿದೆ. ನಾಲ್ಕನೇದು ಬೇಕಾದ್ರೆ ಕುತ್ತಿಗೆಗೆ ಹಾಕ್ಕೊಂಡು ಹೋಗಿ."

ಹೊರಗೆ ಎತ್ತು ಹಿಡಿದು ನಿಂತಿದ್ದ ಆಳು ಜೆತ್ರೋ ನಗು ತಡೆಯಲಾಗದೆ ಕೆಮ್ಮಿದ.

ಪ್ಲಾಟ್ ನದಿಯ ದಂಡೆಗುಂಟ ಕರ್ನಲ್ ಐದು ವರ್ಷಗಳಲ್ಲಿ ನಾಲ್ಕು ಊರು ಕಟ್ಟಿದ್ದ. ಹಾಗಂತ ಅವನ ಭಾಷಣ. ನಕ್ಷೆಯಲ್ಲಿ ಒಂದೊಂದಕ್ಕೂ ಶಾಲೆ, ಇಗರ್ಜಿ, ದೋಣಿಕಟ್ಟೆ ಎಲ್ಲ ಇದ್ದವು. ನೆಲದ ಮೇಲೆ ಇದ್ದದ್ದು ಇದೊಂದೇ ಮನೆ. ಸರ್ಕಾರದ ನೆಲ ಬೇಕಾದವನು ಅಲ್ಲಿ ವಾಸದ ಮನೆಯಿದೆ ಎಂದು ಬೈಬಲ್ ಮುಟ್ಟಿ ಆಣೆಯಿಡಬೇಕಿತ್ತು. ಕರ್ನಲ್ ಮನೆಗೇ ಗಾಲಿ ಹಾಕಿಸಿದ. ಒಂದು ಕಡೆ ಆಣೆ ಮುಗಿಯುವುದೇ ತಡ, ಇನ್ನಷ್ಟು ಪಡುವಣಕ್ಕೆ ಎಳೆಸಿದ. ಜನ ಬಂದರೇ? ಎಲ್ಲಿಂದ ಬರಬೇಕು! ಬಂದ ನಾಲ್ವರು ಬರೀ ಹುಲ್ಲುಗಾವಲು ನೋಡಿ ಹಿಂದಿರುಗಿದರು. ಪ್ರತಿ ಊರಿನ ಜನಸಂಖ್ಯೆ ಎಂದರೆ ಕೆಜಾಯಾ.

ಎರಡನೆಯ ಊರಿನಿಂದ ಮೂರನೆಯದಕ್ಕೆ ಮನೆ ಕುಲುಕುತ್ತ ಹೋಗುವಾಗಲೇ ಅವಳಿಗೆ ಹೆರಿಗೆ ನೋವು ಬಂದಿತ್ತು. ಮಗು ಉಳಿಯಲಿಲ್ಲ. ದಾರಿಬದಿಯಲ್ಲಿ ಹೂತರು, ಆ ಜಾಗ ಇಂದು ಹುಡುಕಿದರೆ ಅವಳಿಗೂ ಸಿಗದು. ಈಗ ಮತ್ತೆ ಏಳು ತಿಂಗಳು. ಇಲ್ಲಿ ಬಾವಿಯಲ್ಲಿ ಸಿಹಿನೀರಿತ್ತು, ಮೈಲಿ ದೂರದಲ್ಲಿ ಸೂಲಗಿತ್ತಿ ಬೆರಿಟ್ ಇದ್ದಳು.

"ನಾಳೆ ಮಧ್ಯಾಹ್ನ ಭೂಮಿ ಕಚೇರಿ ಸಾಹೇಬ ಹೊಸ ಊರಿಗೆ ಬರ್ತಾನೆ ಕಣೇ. ಅಲ್ಲಿ ಮನೆ ಕಾಣದಿದ್ರೆ ಜಾಗಾನೂ ಹೋಯ್ತು, ಚುನಾವಣೇನೂ ಹೋಯ್ತು. ಈ ಸಲ ಶಾಸನಸಭೆಗೆ ಹೋಗದಿದ್ರೆ ನಾನು ಮುಗಿದೆ!"

"ಮುಗೀರಿ. ನಾನು ಇಲ್ಲೇ ಹೆರ್ತೀನಿ."

"ಹಟ ಮಾಡ್ಬೇಡ. ರೈಲು ಅಲ್ಲೇ ಬರತ್ತೆ."

"ಎಲ್ಲಾ ಊರಿಗೂ ಬಂತಲ್ಲ ನಿಮ್ಮ ರೈಲು! ನಿಮ್ಮ ಬಾಯಲ್ಲೇ ಚೆನ್ನಾಗಿ ಓಡ್ತಿದೆ, ಓಡ್ಲಿ ಬಿಡಿ."

ಕರ್ನಲ್‌ಗೆ ಪಿತ್ತ ನೆತ್ತಿಗೇರಿತು. ಗಾಲಿ ಇಲ್ಲದಿದ್ದರೇನು, ದರದರನೆ ಎಳೆಸುತ್ತೇನೆಂದು ತಾನೇ ಮುಂಗೋಡೆಗೆ ಹಗ್ಗ ಬಿಗಿದ.

"ಅಮ್ಮಾವ್ರು ಒಳಗವ್ರೆ ಕರ್ನಲ್, ತುಂಬಿದ ಬಸುರಿ," ಎಂದ ಜೆತ್ರೋ.

"ಹೊಡಿ ಅಂದ್ರೆ ಹೊಡಿಯೋ!"

ಕರ್ನಲ್ ಭಾಷಣಕ್ಕೆ ಹೋಗಿದ್ದ ಮೂರು ವಾರಗಳಲ್ಲಿ ಬೆರಿಟಳ ಗಂಡ ನಾಲ್ಕೂ ಮೂಲೆಗೆ ಕಂಬ ಹೂತು ಮನೆಯನ್ನು ಅವಕ್ಕೆ ಜಡಿದಿದ್ದ. ಕೆಜಾಯಾ ಒಲೆಯ ಪಕ್ಕ ಕಾಲೂರಿ ಕೂತಳು. ಹೆದರಿಕೆಯಿತ್ತು, ಇಲ್ಲವೆಂದರೆ ಸುಳ್ಳಾದೀತು, ಆದರೆ ಏಳಲಿಲ್ಲ. ಎತ್ತುಗಳು ಜಗ್ಗಿದವು. ಪಡುವಣದ ಮುಂಗೋಡೆ ಬಾಗಿಲಿನ ಸಮೇತ ಕಿರ್ರೆಂದು ಕಿತ್ತುಬಂದು ಹುಲ್ಲಿನ ಮೇಲೆ ಬಿತ್ತು. ಉಳಿದ ಮೂರು ಅಲುಗಲಿಲ್ಲ.

"ರೊಟ್ಟಿಗೆ ಧೂಳು ಬಿತ್ತಲ್ರೀ," ಎಂದಳು. ಗಂಡನ ಮುಖ ಬಿಳಿಚಿದ್ದು ಕಂಡು ಮರುಗಿ, ಧೂಳು ಬಿದ್ದ ಮೇಲಿನ ರೊಟ್ಟಿ ತೆಗೆದು ಪಕ್ಕಕ್ಕಿಟ್ಟಳು. "ಬನ್ನಿ ಒಳಗೆ. ಅಡಿಯವು ಚೆನ್ನಾಗಿವೆ, ಬಿಸಿ ಇವೆ. ಸಾಕು ಮಾಡಿ ಇನ್ನು."

ಅವನು ಅವಳನ್ನು ನೋಡಿದ, ಅವಳ ಹೊಟ್ಟೆ ನೋಡಿದ. ಆಮೇಲೆ ನೆಲದ ಮೇಲಿನ ಗೋಡೆಯನ್ನು ನೋಡಿದ. ಅವನ ಕಣ್ಣಿಗೆ ಹೊಳಪು ಬಂತು. ಆ ಹೊಳಪು ಅವಳಿಗೆ ಚೆನ್ನಾಗಿ ಗೊತ್ತು. ಹತ್ತೊಂಬತ್ತನೇ ವಯಸ್ಸಿಗೆ ಅದನ್ನು ನಂಬಿಯೇ ಅವಳು ತವರು ಬಿಟ್ಟದ್ದು.

"ಜೆತ್ರೋ! ಆ ಸಾಹೇಬ ಸೋಮಾರಿ, ಕುದುರೆ ಇಳಿಯೋನಲ್ಲ. ದೂರದಿಂದ ನೋಡಿ ರುಜು ಹಾಕ್ತಾನೆ. ಮುಂಗೋಡೆ ಒಂದಿದ್ರೆ ಸಾಕು ಕಣೋ!"

ಇಬ್ಬರೂ ಸೇರಿ ಗೋಡೆಯನ್ನು ಎತ್ತು ಎಳೆಯುವ, ಗಾಲಿಯಿಲ್ಲದ ಮರದ ಜಾರುಬಂಡಿಯ ಮೇಲೆ ನೆಟ್ಟಗೆ ನಿಲ್ಲಿಸಿ ಕಟ್ಟಿದರು. ಕರ್ನಲ್ ಟೋಪಿ ಕೊಡವಿ ತಲೆಗಿಟ್ಟ. "ಹೆರಿಗೆ ಹೊತ್ತಿಗೆ ಬಂದೇ ಬರ್ತೀನಿ, ಕೆಜಾಯಾ."

"ಬಂದ್ರೆ ಬಾಗಿಲು ತಗೊಂಡು ಬನ್ನಿ."

ಹುಲ್ಲಿನ ನಡುವೆ ಒಂಟಿ ಗೋಡೆ ಪಡುವಣಕ್ಕೆ ಹೊರಟಿತು. ಅದರ ಬಾಗಿಲು ತೆರೆಯುತ್ತ, ಮುಚ್ಚುತ್ತ ಹೋಯಿತು. ತೆರೆದಾಗಲೆಲ್ಲ ಅದರಾಚೆ ನಡೆಯುತ್ತಿದ್ದ ಗಂಡನ ಬೆನ್ನು ಕಾಣುತ್ತಿತ್ತು. ಕೆಜಾಯಾ ಅಳುತ್ತಲೇ ಒಂದು ರೊಟ್ಟಿ ತಿಂದಳು. ಆಮೇಲೆ ಕೌದಿ ತಂದು, ಬಾಯಲ್ಲಿ ಮೊಳೆ ಕಚ್ಚಿಕೊಂಡು, ಗೋಡೆ ಹೋದ ಕಡೆ ಮೇಲಿನ ತೊಲೆಗೆ ಅದನ್ನು ಹೊಡೆಯತೊಡಗಿದಳು.