ತಮ್ಮನ ಫಿಟ್ಸಿಗೆ ಅಕ್ಕನ ತೋಳು

ದಂಡೋತಿಯ ಚಂದಮ್ಮ ಹತ್ತು ವರ್ಷಕ್ಕೇ ತನ್ನ ಎಲುಬಿನ ಮಜ್ಜೆ ಕೊಟ್ಟು ತಮ್ಮ ಸಾಬಣ್ಣನನ್ನು ಉಳಿಸಿಕೊಂಡಿದ್ದಳು. ಮುಂಬಯಿಯ ದವಾಖಾನೆಯಿಂದ ಊರಿಗೆ ಬಂದ ತಿಂಗಳಿಗೆ ಅವನಿಗೆ ಫಿಟ್ಸ್ ಬಂತು. ಔಷಧದಿಂದ ಮೆದುಳಿಗೆ ಪೆಟ್ಟಾಗಿ ಫಿಟ್ಸ್ ಬಂದೀತು, ಬಂದ ಕೂಡಲೇ ಕರೆತನ್ನಿ ಎಂದಿದ್ದರು ಡಾಕ್ಟರು. ಫಿಟ್ಸಿಗೆ ಬರೆಯೇ ಮದ್ದು ಎಂದು ನಂಬಿದ ಅಜ್ಜಿ ಮಾಣಿಕಮ್ಮನಿಗೆ ಡಾಕ್ಟರು ಯಾವ ಲೆಕ್ಕ?

“ಅವನ ಮೈಯಾಗ ಈಗ ಹರಿಲಿಕತ್ತಿದ್ದು ಇಕಿ ರಗತ. ಬರೆ ಇಕಿಗೇ ಹಾಕಬೇಕು,” ಎಂದವಳೇ ಕಾದ ಕುಡಗೋಲನ್ನು ಚಂದಮ್ಮನ ತೋಳಿಗೆ ಒತ್ತಿದಳು. ಅವ್ವ ಮಗಳ ಬಾಯಿ ಮುಚ್ಚಿ ಹಿಡಿದಳು. ಅಷ್ಟರಲ್ಲಿ ಸಾಬಣ್ಣನ ಫಿಟ್ಸ್ ತಾನಾಗಿಯೇ ನಿಂತಿತು. “ನೋಡ್ರಿ!” ಎಂದಳು ಅಜ್ಜಿ.

ಮೂರನೆಯ ದಿನ, ಹಿರಿಯರೆಲ್ಲ ಹೊಲದಲ್ಲಿದ್ದಾಗ, ತಮ್ಮನ ಕಣ್ಣುಗುಡ್ಡೆಗಳು ಮತ್ತೆ ಮೇಲೆ ಸಿಕ್ಕಿಕೊಂಡವು. ಚಂದಮ್ಮ ತಾನೇ ಕುಡಗೋಲು ಕಾಯಿಸಿ ಇನ್ನೊಂದು ತೋಳಿಗೆ ಒತ್ತಿಕೊಂಡಳು. ಫಿಟ್ಸ್ ನಿಲ್ಲಲಿಲ್ಲ. ಹಗುರಕ್ಕೆ ಒತ್ತಿದೆನೇನೋ ಎಂದುಕೊಂಡು ಕುಡಗೋಲನ್ನು ಮತ್ತೆ ಒಲೆಗಿಟ್ಟಳು.