ಹನ್ನೊಂದನೆಯ ಗಡಿಕಲ್ಲು

ಗಾಳೆಪ್ಪ ಎತ್ತಿದ ಗುದ್ದಲಿಯ ಕಾವನ್ನು ಅಡವಿ ಕಾವಲಿನ ಹಾಜಿಸಾಬ ಹಿಡಿದುಕೊಂಡ.

"ಇಲ್ಲಿ ಕುಣಿ ತಗೀಬ್ಯಾಡ್ರಿ. ಈ ಹನ್ನೊಂದನೇ ಕಲ್ಲಿನ ಒಳಗ ಸರಕಾರಿ ಅಡವಿ ಐತಿ. ನಾಳೆ ಹೆಣಾ ಹೊರಗ ತಗೀರಿ ಅಂದ್ರ ಏನ್ ಮಾಡ್ತೀರಿ?"

"ನಮ್ಮಣ್ಣನ ಹೊಲಾರಿ ಇದು!"

ಸುಳ್ಳೇನಲ್ಲ. ಹತ್ತು ವರ್ಷದ ಹಿಂದಿನವರೆಗೆ ಈ ಗುಡ್ಡದ ಬುಡದ ಎರಡೆಕರೆ ಆದೆಪ್ಪನದೇ. ಈಗ ಆದೆಪ್ಪ ಬೇವಿನ ನೆರಳಿನಲ್ಲಿ ಸಿದಿಗೆಯ ಮೇಲೆ ತಣ್ಣಗೆ ಮಲಗಿದ್ದ. ತಲೆಯ ಬಳಿ ಹೆಂಡತಿ ಪಕ್ಕೀರವ್ವ.

"ಮಗಳ ಮಗ್ಗಲಾಗ ಮಲಗಿಸ್ತೀನಿ. ನನ ಕೂಸು ಇದ ಬೇವಿನ ಬುಡಕ ಐತಿ," ಎಂದಳು. ಆಮೇಲೆ ಬಾಯಿ ಎಂದಿನ ದಾರಿ ಹಿಡಿಯಿತು. "ಆ ಮೋಜಣಿ ಸಾಹೇಬನ ಕಣ್ಣು ಇಂಗಿಹೋಗ್ಲಿ! ಗೆರಿ ನೆಟ್ಟಗ ಎಳಿಯಾಕ ಬರದವ, ನಮ್ಮ ಹೊಲಾ ಅಡವಿಗೆ ಹಾಕಿ ಹೋದ."

ಊರಿಗೆಲ್ಲ ಬಾಯಿಪಾಠವಾದ ಬೈಗುಳ ಅದು. ಈ ದಾರಿಯಲ್ಲಿ ಬಂದಾಗಲೆಲ್ಲ ಅವಳು ಕಲ್ಲನ್ನು ಒದ್ದೇ ಮುಂದೆ ಹೋಗುವುದು. ವರ್ಷಕ್ಕೊಮ್ಮೆ ಅದಕ್ಕೆ ಸುಣ್ಣ ಬಳಿಯುವ ಕೆಲಸ ಗಂಡನದು. ಪುಣ್ಯಾತ್ಮ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಹಾಜಿಸಾಬ ಗುದ್ದಲಿ ಬಿಟ್ಟು ಅವಳೆದುರು ಕುಕ್ಕರಗಾಲಲ್ಲಿ ಕೂತ.

"ಯಕ್ಕಾ, ಸಾಹೇಬಗ ಬೈಬ್ಯಾಡ. ಆವತ್ತು ಅಳತಿ ಸರಪಳಿಯ ಒಂದು ತುದಿ ನನ್ನ ಕೈಯಾಗಿತ್ತು, ಇನ್ನೊಂದು ಆದೆಪ್ಪಣ್ಣನ ಕೈಯಾಗ."

*

ನಿಜಾಮ ಸರಕಾರದ ಮೋಜಣಿ ಸಾಹೇಬ ಬಂಡೆಯ ಮೇಲೆ ನಕ್ಷೆ ಹರಡಿದ್ದ. ಕಾಯ್ದಿಟ್ಟ ಅಡವಿಗೆ ಹಸಿರು, ಊರ ದನಕುರಿ ಮೇಯುವ ಗಾಯರಾಣಕ್ಕೆ ಹಳದಿ, ರೈತರ ಹೊಲಕ್ಕೆ ಬಿಳಿ. ಗುಡ್ಡದ ಬಂಡೆಗಳ ನಡುವೆ ಮಳೆನೀರು ನಿಲ್ಲುವ ತಗ್ಗು, ಊರವರ ಬಾಯಲ್ಲಿ ದೋಣಿ, ಹಸಿರಿನೊಳಗೆ ಬಿದ್ದಿತ್ತು. ಬೇಸಿಗೆಯಲ್ಲಿ ಊರ ಕುರಿಗಳಿಗೆ ಅದೊಂದೇ ನೀರು.

"ದೋಣಿ ಊರಿಗೆ ಬಿಡ್ರಿ, ಸಾಹೇಬ್ರ," ಆದೆಪ್ಪ ಕೈಮುಗಿದ.

"ಅದರ ಬದ್ಲಿ ಅಷ್ಟ ಜಾಗಾ ಅಡವಿಗೆ ಯಾರು ಕೊಡ್ತಾರ?"

"ನನ್ನ ಹೊಲಾ ತಗೋರಿ," ಎಂದ ಆದೆಪ್ಪ. ಹೆಬ್ಬೆಟ್ಟು ಒತ್ತಿದ. ಕಲ್ಲನ್ನು ತಾನೇ ಹೊತ್ತು ತಂದು, ಮಗಳ ಬೇವಿನ ಮಗ್ಗುಲಲ್ಲೇ, ತನ್ನ ಹೊಲದ ಹೊರಬದುವಿಗೆ ನೆಟ್ಟ.

"ಮನ್ಯಾಗ ಹೇಳಬ್ಯಾಡ ಹಾಜಿ, ಅತ್ತು ಕರದಾಳ. ಇನ್ಮ್ಯಾಲೆ ಇಲ್ಲಿ ಯಾರೂ ಗಿಡಾ ಕಡಿಯಂಗಿಲ್ಲ. ಮಗಳು ನೆಳ್ಳಾಗ ಇರ್ತಾಳ."

*

ಗುಡ್ಡದ ಮೇಲೆ ಕುರಿಗಳು ಒದರಿದವು. ದೋಣಿಗೆ ಇಳಿಯುವ ಹೊತ್ತು.

ಪಕ್ಕೀರವ್ವನಿಗೆ ಸಿಟ್ಟು ಬಂತು, ಹೆಣದ ಮೇಲೆಯೇ.

"ಹತ್ತು ವರ್ಷ ಮಂದಿ ಮಗನ್ನ ನನ್ನ ಬಾಯಿಲೆ ಬೈಸಿದಿಯಲ್ಲೋ ನನ ರಾಜಾ! ನನಗೊಂದು ಮಾತು ಹೇಳಬಾರದಿತ್ತೇನೋ!" ಸಿದಿಗೆಯ ಗಳುವಿಗೆ ಬಡಿದು ಬಡಿದು ಅತ್ತಳು. ಯಾರೂ ತಡೆಯಲಿಲ್ಲ.

ಅತ್ತು ದಣಿದ ಮೇಲೆ ಮೂಗು ಒರೆಸಿಕೊಂಡು ಮೈದುನನಿಗೆ ಹೇಳಿದಳು: "ಗಾಳೆಪ್ಪಾ, ಕಲ್ಲಿನ ಹೊರಗ ತಗಿ. ಕಲ್ಲಿಗೆ ಹತ್ತಿಸಿ ತಗಿ. ಆಚೆ ಮಗಳು, ಈಚೆ ಅಪ್ಪ."

ಹಾಜಿಸಾಬನೂ ಗುದ್ದಲಿ ಹಿಡಿದ.

ಮಣ್ಣು ಕೊಟ್ಟು ಮಂದಿ ಊರ ಕಡೆ ತಿರುಗಿದರು. ಪಕ್ಕೀರವ್ವ ಗಂಡನ ಎಲೆಯಡಿಕೆ ಚಂಚಿ ಬಿಚ್ಚಿ ಸುಣ್ಣದ ಡಬ್ಬಿ ತೆಗೆದಳು. ತಳದಲ್ಲಿದ್ದುದನ್ನು ಬೆರಳಿನಿಂದ ಕೆರೆದು, ತಾನು ಒದ್ದು ಒದ್ದು ಬೋಳಾಗಿಸಿದ್ದ ಕಲ್ಲಿನ ಮಗ್ಗುಲಿಗೆ ಬಳಿಯುತ್ತ ಕೂತಳು.