ತಪ್ಪು ಹೇಳುವ ಹುಡುಗಿ

ದೊಡ್ಡ ಶಾಲೆಯ ಉಚಿತ ಸೀಟಿಗೆ ಮಕ್ಕಳನ್ನು ಆರಿಸಲು ಇನ್‌ಸ್ಪೆಕ್ಟರು ಬಂದಿದ್ದರು. ಹೆಡ್‌ಮಾಸ್ಟರ ಕೋಣೆಯಲ್ಲಿ ಒಂದು ಸ್ಟೂಲು ಹಾಕಿಸಿ, ಅದರ ಮೇಲೆ ಕೂರುವ ಮಗುವಿನ ಕಣ್ಣಿಗೆ ಬಿಸಿಲು ಹೊಡೆಯದಿರಲೆಂದು ತಾವೇ ಎದ್ದು ಕಿಟಕಿಯನ್ನು ಅರೆಮುಚ್ಚಿದರು. ಗೋಡೆಯ ಪಕ್ಕದ ಕುರ್ಚಿಯಲ್ಲಿ ಗಣಿತದ ಟೀಚರು ಕೂತಿದ್ದರು. ಸರ್ಕಾರಿ ಶಾಲೆಯಲ್ಲೂ ಹೀಗೆ ಪಾಠ ಮಾಡುವವರಿದ್ದಾರಲ್ಲ ಎಂದು ಇದೇ ಇನ್‌ಸ್ಪೆಕ್ಟರು ಹೋದ ಸಲ ಅವರನ್ನು ಎಲ್ಲರೆದುರು ಹೊಗಳಿದ್ದರು.

ಆ ಪಾಠದ ಗುಟ್ಟು ತರಗತಿಗೆ ಮಾತ್ರ ಗೊತ್ತಿತ್ತು. ಮೇಲಿನವರು ಬರುವ ಸುದ್ದಿ ಸಿಕ್ಕಿತೆಂದರೆ ಟೀಚರು ಒಂದೇ ಪಾಠವನ್ನು ನಾಟಕದಂತೆ ತಾಲೀಮು ಮಾಡಿಸುತ್ತಿದ್ದರು. ಎಲ್ಲರೂ ಸರಿಯಾಗಿ ಹೇಳಿಬಿಟ್ಟರೆ ನೋಡುವವರಿಗೆ ಅನುಮಾನ ಬರುತ್ತದೆ. ಅದಕ್ಕೇ ತಪ್ಪು ಹೇಳಲೆಂದು ಒಬ್ಬಳನ್ನು ಗೊತ್ತುಮಾಡಿದ್ದರು. ತರಗತಿಗೆಲ್ಲ ಚಿಕ್ಕವಳು, ಎಲ್ಲರೂ ಚಿಟಿಕೆ ಎಂದು ಕರೆಯುತ್ತಿದ್ದ ಹುಡುಗಿ. ಮೂರರಲ್ಲೊಂದು ದೊಡ್ಡದೋ ಐದರಲ್ಲೊಂದು ದೊಡ್ಡದೋ ಎಂದರೆ ಅವಳು ಎದ್ದು ನಿಂತು, ತಲೆ ಕೆರೆದುಕೊಂಡು, "ಐದರಲ್ಲೊಂದು ಮಿಸ್, ಐದು ದೊಡ್ಡದಲ್ವಾ?" ಅನ್ನಬೇಕು. ಟೀಚರು ಕಾಗದದ ಪಟ್ಟಿಗಳನ್ನು ಮಡಚಿ, ಹರಿದು, ಅಕ್ಕರೆಯಿಂದ ತಿದ್ದಬೇಕು. ಆಮೇಲೆ ಲೀಡರ್ ಹುಡುಗ ಸರಿ ಉತ್ತರ ಹೇಳಬೇಕು, ಚಪ್ಪಾಳೆ ಬೀಳಬೇಕು. ಇನ್‌ಸ್ಪೆಕ್ಟರು ಮೆಚ್ಚಿದ್ದು ಆ ತಿದ್ದುವಿಕೆಯ ತಾಳ್ಮೆಯನ್ನೇ.

ಈ ಸೀಟು ಸಿಗದಿದ್ದರೆ ಚಿಟಿಕೆಗೆ ಮುಂದಿನ ವರ್ಷ ಶಾಲೆಯಿಲ್ಲ. ಅಮ್ಮನ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಚ್ಚುವ ಕೆಲಸ. ಟೀಚರಿಗೆ ಅದು ಗೊತ್ತಿತ್ತು. ಅಮ್ಮ ಕೊರಳಲ್ಲಿ ಅಳತೆಯ ಟೇಪನ್ನು ಹಾಕಿಕೊಂಡೇ ಬಂದು ವರಾಂಡದಲ್ಲಿ ಕಾಯುತ್ತಿದ್ದಳು.

ಮಕ್ಕಳು ಎತ್ತರದ ಪ್ರಕಾರ ಸಾಲಾಗಿ ನಿಂತಿದ್ದರಿಂದ ಮೊದಲು ಬಂದವಳು ಚಿಟಿಕೆಯೇ.

"ಬಾಮ್ಮ, ಕೂತ್ಕೋ. ನೀರು ಬೇಕಾ?"

"ಬೇಡ ಸರ್, ಕುಡ್ಕೊಂಡೇ ಬಂದೆ."

"ಏಳರಲ್ಲೊಂದು ಭಾಗ, ನಾಲ್ಕರಲ್ಲೊಂದು ಭಾಗ. ಯಾವುದು ದೊಡ್ಡದು?"

ಚಿಟಿಕೆ ಟೀಚರ ಕಡೆ ಒಮ್ಮೆ ನೋಡಿದಳು. ಅದು ಸಿದ್ಧ ಎನ್ನುವ ನೋಟ. ಆಮೇಲೆ ತಲೆ ಕೆರೆದುಕೊಂಡಳು.

"ಏಳರಲ್ಲೊಂದು ಸರ್. ಏಳು ದೊಡ್ಡದಲ್ವಾ?"

ಟೀಚರಿಗೆ ಕೂಡಲೇ ಅರ್ಥವಾಯಿತು. ಹೇಳಿಕೊಡದ ಲೆಕ್ಕದಲ್ಲೂ ಹುಡುಗಿ ತನ್ನ ಪಾತ್ರವನ್ನು ಬಿಟ್ಟಿರಲಿಲ್ಲ. ಈಗ ಅವಳು ತಿದ್ದಲು ಬರುವ ಮಿಸ್ಸಿಗಾಗಿ ಕಾಯುತ್ತಿದ್ದಳು. ಇನ್‌ಸ್ಪೆಕ್ಟರೂ ಟೀಚರ ಕಡೆ ತಿರುಗಿ ನೋಡಿದರು. ನಿಜ ಹೇಳಿದರೆ ಹೋದ ಸಲದ ಹೊಗಳಿಕೆಯೆಲ್ಲ ಬಣ್ಣ ಕಳಚಿಕೊಳ್ಳುತ್ತದೆ. ಟೀಚರು ತಮ್ಮ ಕಾಲ್ಬೆರಳನ್ನು ನೋಡುತ್ತ ಕೂತರು.

"ಪರವಾಗಿಲ್ಲಮ್ಮ, ಹೆದರ್ಕೋಬೇಡ. ಹೋಗು, ಮುಂದಿನವರನ್ನ ಕಳಿಸು."

ಚಿಟಿಕೆ ಟೀಚರ ಕುರ್ಚಿಯ ಪಕ್ಕ ಹಾದುಹೋಗುವಾಗ ಬಗ್ಗಿ ಪಿಸುಗುಟ್ಟಿದಳು: "ಚೆನ್ನಾಗಿ ಹೇಳಿದ್ನಾ ಮಿಸ್? ನೀವ್ಯಾಕೆ ಎದ್ದು ಬರ್ಲಿಲ್ಲ, ಮರ್ತುಹೋಯ್ತಾ?" ಮತ್ತೆ ತಾನೇ ಸಮಾಧಾನ ಹೇಳಿದಳು. "ಇರ್ಲಿ ಬಿಡಿ ಮಿಸ್. ನಾನು ಯಾರಿಗೂ ಹೇಳಲ್ಲ."

ಟೀಚರ ಕಿವಿಯವರೆಗೂ ಬಿಸಿಯೇರಿತು. ಮಗುವಿನ ಕೈಯನ್ನು ಗಪ್ಪನೆ ಹಿಡಿದುಕೊಂಡು ಎದ್ದು ನಿಂತರು.

"ಸರ್, ಇವಳಿಗೆ ಗೊತ್ತು. ತಪ್ಪು ಹೇಳು ಅಂತ ನಾನೇ ಕಲಿಸಿದ್ದೆ."

"ಏನು ಮೇಡಂ ಹಾಗಂದ್ರೆ?"

"ಅವತ್ತು ನೀವು ನೋಡಿದ್ದು ತಾಲೀಮು ಮಾಡಿಸಿದ ಪಾಠ."

"ಪೂರ್ತಿನಾ?"

"ಚಪ್ಪಾಳೆ ಸಮೇತ ಸರ್."

ಇನ್‌ಸ್ಪೆಕ್ಟರ ಮುಖ ಕೆಂಪಾಯಿತು. ಆದರೂ ಮಗುವಿನ ಎದುರಿಗೆ ದನಿ ಏರಿಸಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ಸ್ಟೂಲನ್ನು ತಮ್ಮ ಹತ್ತಿರಕ್ಕೆ ಎಳೆದುಕೊಂಡರು.

"ಬಾಮ್ಮ. ಈಗ ನಾಟಕ ಮುಗೀತು. ಇನ್ನೊಂದು ಸಲ ಹೇಳು."

"ಸರಿಯಾದ್ದೇ ಹೇಳ್ಲಾ ಮಿಸ್?"

ಟೀಚರು ಹೂಂ ಎಂದು ತಲೆಯಾಡಿಸಿದರು.

"ನಾಲ್ಕರಲ್ಲೊಂದು ಸರ್. ಏಳು ಜನ ಹಂಚ್ಕೊಂಡ್ರೆ ಒಬ್ಬೊಬ್ರಿಗೆ ಸಿಗೋದು ಕಮ್ಮಿ."

"ಹಾಗಾದ್ರೆ ಏಳರಲ್ಲಿ ಎರಡು ದೊಡ್ಡದೋ, ನಾಲ್ಕರಲ್ಲಿ ಒಂದೋ?"

ಅವಳು ಬೆರಳು ಮಡಚಿ ಯೋಚಿಸಿದಳು. "ಏಳರಲ್ಲಿ ಎರಡು. ನಾಲ್ಕರಲ್ಲಿ ಒಂದು ಅಂದ್ರೆ ಎಂಟರಲ್ಲಿ ಎರಡು ಸರ್. ಎಂಟು ಪಾಲಿಗಿಂತ ಏಳೇ ಪಾಲು ಮಾಡಿದ್ರೆ ತುಂಡು ದೊಡ್ಡದು."

ಇನ್‌ಸ್ಪೆಕ್ಟರಿಗೆ ನಗು ಬಂತು. "ಯಾರು ಹೇಳ್ಕೊಟ್ರಮ್ಮ ಇದನ್ನ?"

"ಮಿಸ್ಸೇ! ದಿನಾ ನಾನು ತಪ್ಪು ಹೇಳ್ತಿದ್ನಲ್ಲ, ದಿನಾ ನನಗೆ ಬಿಡಿಸಿ ಹೇಳ್ತಿದ್ರು."

ಅವಳು ಅದನ್ನು ಹೆಮ್ಮೆಯಿಂದಲೇ ಹೇಳಿದಳು. ಟೀಚರು ಮಾತ್ರ ಕುಗ್ಗಿಹೋದರು. ಬಿಡಿಸಿ ಹೇಳಿದ್ದು ಇವಳೊಬ್ಬಳಿಗೇ, ಅದೂ ತೋರಿಕೆಗಾಗಿ. ಮಿಕ್ಕವರೆಲ್ಲ ಸರಿಯಾಗಿ ಹೇಳುತ್ತಿದ್ದುದರಿಂದ ಯಾಕೆ ಎಂದು ಅವರು ಯಾರನ್ನೂ ಕೇಳಿಯೇ ಇರಲಿಲ್ಲ.

"ನಿನ್ನ ಸೀಟು ಗಟ್ಟಿ. ಓಡು, ಅಮ್ಮಂಗೆ ಹೇಳು," ಎಂದರು ಇನ್‌ಸ್ಪೆಕ್ಟರು. ಅವಳ ಹಿಂದೆಯೇ ಬಾಗಿಲಿನತ್ತ ಹೊರಟ ಟೀಚರನ್ನು ಕೈಯೆತ್ತಿ ತಡೆದರು. "ನೀವು ಹೋಗ್ಬೇಡಿ ಮೇಡಂ. ಕೂತ್ಕೊಳ್ಳಿ. ಆ ಲೀಡರ್ ಹುಡುಗನ್ನ ಈಗಲೇ ಕರೀರಿ."

ಎಲ್ಲರಿಗಿಂತ ಎತ್ತರದ ಹುಡುಗ ಸಾಲಿನ ತುದಿಯಿಂದ ಬಂದ. ಚಪ್ಪಾಳೆ ಅಭ್ಯಾಸವಾದ ಮುಖ.

"ಒಂಬತ್ತರಲ್ಲೊಂದು ದೊಡ್ಡದೋ, ಆರರಲ್ಲೊಂದೋ?"

"ಮೂರರಲ್ಲೊಂದು ಸರ್!" ಕೋಣೆಯೆಲ್ಲ ಕೇಳುವ ಹಾಗೆ ಹೇಳಿದ.

ಇನ್‌ಸ್ಪೆಕ್ಟರು ಪ್ರಶ್ನೆಯನ್ನು ಇನ್ನೊಮ್ಮೆ ನಿಧಾನವಾಗಿ ಕೇಳಿದರು. ಹುಡುಗ ಬೆವರಿದ. ಟೀಚರ ಕಡೆ ತಿರುಗಿ, "ಮಿಸ್, ಇದು ನಮ್ಮ ಪಾಠದಲ್ಲಿ ಇರ್ಲಿಲ್ಲ," ಅಂದ. ಅವನ ಕಣ್ಣು ತುಂಬಿ ಬಂದಿತ್ತು.

"ಇರ್ಲಿಲ್ಲ ಕಣೋ," ಎಂದು ಟೀಚರು ಎದ್ದರು. "ಸರ್, ಇವನಿಗೆ ನಾನು ಕಲಿಸಿಲ್ಲ."

ತಪ್ಪು ತನ್ನದಲ್ಲವೆಂದು ಮಗುವಿಗೆ ತಿಳಿಯಲಿ ಎಂದೇ ಗಟ್ಟಿಯಾಗಿ ಹೇಳಿದರು. ಅವನು ಕಣ್ಣೊರೆಸಿಕೊಂಡು ಹೋದ ಮೇಲೆ ಇನ್ನೊಬ್ಬಳು ಬಂದಳು, ಆಮೇಲೆ ಮತ್ತೊಬ್ಬ. ಒಬ್ಬೊಬ್ಬರು ಬಂದಾಗಲೂ ಟೀಚರು ಎದ್ದು ನಿಂತು ಅದೇ ಮಾತನ್ನು ಹೇಳಬೇಕಾಯಿತು.